ಅಪಘಾತವಾದ ಮೇಲೆ

ರಸ್ತೆಯ ಪಕ್ಕದಲ್ಲಿ ನೆಟ್ಟಿರುವ ಹಲಗೆಗಳನ್ನು ನೀವೆಲ್ಲರೂ ಓದಿರುತ್ತೀರಿ. ‘ಅವಸರವೇ ಅಪಘಾತಕ್ಕೆ ಕಾರಣ’ ಎಂದು ಒಂದು ಹೇಳುತ್ತದೆ. ‘ನಿಧಾನವಾಗಿ ಚಲಿಸಿ’ ಎಂದು ಇನ್ನೊಂದು. ಒಳ್ಳೆಯ ಮಾತುಗಳೇ. ಆದರೆ ಇವೆಲ್ಲ ಅಪಘಾತ ಆಗದಂತೆ ಹೇಗೆ ನಡೆದುಕೊಳ್ಳಬೇಕೆಂದು ಹೇಳುತ್ತವೆಯೇ ಹೊರತು, ಆಗಿಯೇ ಹೋದರೆ ಏನು ಮಾಡಬೇಕೆಂದು ಹೇಳುವುದಿಲ್ಲ. ಆಗುವುದೋ, ದಿನವೂ ಆಗುತ್ತಲೇ ಇದೆ. 2022ನೆಯ ಇಸವಿಯೊಂದರಲ್ಲೇ ನಮ್ಮ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾದುವೆಂದೂ, 1,68,491 ಮಂದಿ ಪ್ರಾಣ ಕಳೆದುಕೊಂಡರೆಂದೂ ಕೇಂದ್ರ ಸರ್ಕಾರದ ಲೆಕ್ಕ ಹೇಳುತ್ತದೆ. ದಿನವೊಂದಕ್ಕೆ 460ಕ್ಕೂ ಮೇಲಾಯಿತು. ಇವರೆಲ್ಲರೂ ಪೆಟ್ಟು ಬಿದ್ದ ಕ್ಷಣದಲ್ಲೇ ಸತ್ತವರಲ್ಲ. ಕೆಲವರಾದರೂ, ಆ ಮೇಲಿನ ಅರ್ಧ ಗಂಟೆಯಲ್ಲಿ ಸುತ್ತಲಿದ್ದವರಿಗೆ ಏನು ಮಾಡಬೇಕೆಂದು ತೋಚದೆ ಹೋದದ್ದರಿಂದ ಸತ್ತವರು. ಈ ದಿನ ನಾನು ಮಾತನಾಡಬೇಕೆಂದಿರುವುದು ಆ ಅರ್ಧ ಗಂಟೆಯನ್ನು ಕುರಿತು, ಮತ್ತು ಅದರ ಹಿಂದೆಯೇ ಬರುವ ದಿನಗಳನ್ನು ಕುರಿತು.

ಅಪಘಾತವಾದೊಡನೆ ನಮ್ಮ ಜನರ ಬಾಯಲ್ಲಿ ಮೊದಲು ಹೊರಡುವ ಪ್ರಶ್ನೆ ಯಾವುದು? ‘ತಪ್ಪು ಯಾರದು?’ ಎಂಬುದು. ಕೇಳಬೇಕಾದ ಪ್ರಶ್ನೆ ಅದಲ್ಲ, ‘ಪೆಟ್ಟು ಯಾರಿಗೆ?’ ಎಂಬುದು. ನಾನು ಕನ್ನಡ ಪಾಠ ಹೇಳುವವನು. ವಾಕ್ಯವನ್ನು ಬಿಡಿಸುವಾಗ ಕರ್ತೃಪದವನ್ನು ಮೊದಲು ಗುರುತಿಸಿರೆಂದು ಹುಡುಗರಿಗೆ ಹೇಳುವುದು ನಮ್ಮ ವಾಡಿಕೆ. ರಸ್ತೆಯ ಮೇಲೆ ಈ ಕ್ರಮ ನಡೆಯದು. ಅಲ್ಲಿ ಕ್ರಿಯೆ ಮೊದಲು. ಕರ್ತೃ ಯಾರೆಂಬುದನ್ನು ಸಾವಕಾಶವಾಗಿ ವಿಚಾರಿಸುವುದಕ್ಕೆ ಪೋಲೀಸಿನವರಿದ್ದಾರೆ, ನ್ಯಾಯಾಲಯಗಳಿವೆ. ನಾನು ಮುಂದೆ ಹೇಳುವುದೆಲ್ಲವೂ ಈ ಒಂದು ಮಾತಿನ ವಿವರಣೆಯೆಂದೇ ತಿಳಿಯಿರಿ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಿ. ಮಂಡ್ಯದ ಸೀಮೆಯ ಒಂದು ರಸ್ತೆ. ದೀಪ ಹಚ್ಚುವ ಹೊತ್ತು. ನೀವು ಹೆಂಡತಿ ಮಕ್ಕಳೊಡನೆ ಕಾರಿನಲ್ಲಿ ಊರಿಗೆ ಹೋಗುತ್ತಿದ್ದೀರಿ. ಕಬ್ಬಿನ ಗದ್ದೆಗಳ ನಡುವಿನ ಓಣಿಯಿಂದ ಒಂದು ಸ್ಕೂಟರು ಥಟ್ಟನೆ ರಸ್ತೆಗೆ ಏರಿತು. ನೀವು ಬ್ರೇಕು ಒತ್ತುವಷ್ಟರಲ್ಲಿ ಡಿಕ್ಕಿಯಾಗಿಯೇ ಹೋಯಿತು. ಸ್ಕೂಟರಿನಲ್ಲಿದ್ದ ಗಂಡಹೆಂಡಿರಿಬ್ಬರೂ ರಸ್ತೆಯ ಮೇಲೆ ಬಿದ್ದಿದ್ದಾರೆ. ಈಗ ಏನು ಮಾಡುವಿರಿ?

ಮೊದಲನೆಯ ಕೆಲಸ, ನಿಲ್ಲುವುದು. ಇದೇನು ಹೇಳುವ ಮಾತೇ ಎನ್ನಬೇಡಿ. ಓಡಿಹೋಗಬೇಕೆಂಬ ಯೋಚನೆ ಕೆಟ್ಟವರಿಗೆ ಮಾತ್ರ ಬರುವುದೆಂದು ತಿಳಿಯಬಾರದು. ಭಯ ಹತ್ತಿದಾಗ ಒಳ್ಳೆಯವರ ಕಾಲೂ ಆಕ್ಸಿಲರೇಟರಿನ ಮೇಲೆಯೇ ಹೋಗುತ್ತದೆ. 1988ರ ಮೋಟಾರು ವಾಹನಗಳ ಅಧಿನಿಯಮದ 132 ಮತ್ತು 134ನೆಯ ಕಲಮುಗಳು ಚಾಲಕನಿಗೆ ಮೂರು ಕರ್ತವ್ಯಗಳನ್ನು ವಿಧಿಸಿವೆ: ವಾಹನವನ್ನು ನಿಲ್ಲಿಸತಕ್ಕದ್ದು, ಗಾಯಗೊಂಡವರಿಗೆ ವೈದ್ಯಕೀಯ ನೆರವು ದೊರೆಯುವಂತೆ ಮಾಡತಕ್ಕದ್ದು, ಪೋಲೀಸಿನವರು ಸ್ಥಳದಲ್ಲಿ ಇಲ್ಲದಿದ್ದರೆ ಹತ್ತಿರದ ಠಾಣೆಗೆ ಆದಷ್ಟು ಬೇಗ, ಹೇಗೂ 24 ಗಂಟೆಗಳೊಳಗೆ, ವರದಿ ಮಾಡತಕ್ಕದ್ದು. ಮಾಡದೆ ಹೋದರೆ ಅದೇ ಬೇರೊಂದು ಅಪರಾಧವಾಗುತ್ತದೆ.

ಜನ ಸೇರಿ ಹೊಡೆದಾರೆಂಬ ಅಂಜಿಕೆ ಚಾಲಕನಿಗೆ ಇರುವುದು ಸಹಜ. ಈ ಅಂಜಿಕೆಯನ್ನು ಶಾಸನವೂ ಬಲ್ಲದು. ಗುಂಪಿನ ರೋಷದಿಂದ ಸ್ಥಳದಲ್ಲಿ ನಿಂತು ನೆರವು ನೀಡುವುದು ಸಾಧ್ಯವಾಗದಿದ್ದರೆ ಎಂದು 134ನೆಯ ಕಲಮಿನಲ್ಲೇ ವಿನಾಯಿತಿಯ ಮಾತು ಬಂದಿದೆ. ಹಾಗೆಂದು ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳಲು ಅದು ಅಪ್ಪಣೆಯಲ್ಲ. ಪ್ರಾಣಭಯ ನಿಜವಾಗಿಯೂ ಇದ್ದರೆ ಅಲ್ಲಿಂದ ನೇರವಾಗಿ ಠಾಣೆಗೆ ಹೋಗಿ, ಹೋಗುತ್ತಲೇ ಆಂಬುಲೆನ್ಸಿಗೆ ಫೋನು ಮಾಡಿಸಬೇಕು. ಇನ್ನು ಸುತ್ತ ಸೇರುವ ಗುಂಪಿನವರಿಗೆ ಒಂದು ಮಾತು. ಚಾಲಕನಿಗೆ ನೀವು ಹೊಡೆಯುವ ಒಂದೊಂದು ಏಟಿಗೂ ನೆಲದ ಮೇಲೆ ಬಿದ್ದಿರುವವನ ಒಂದೊಂದು ನಿಮಿಷ ಕಳೆಯುತ್ತದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲವಷ್ಟೆ.

ಎರಡನೆಯ ಕೆಲಸ, ಒಂದು ಅಪಘಾತ ಎರಡಾಗದಂತೆ ನೋಡಿಕೊಳ್ಳುವುದು. ಕತ್ತಲಲ್ಲಿ ರಸ್ತೆಯ ನಡುವೆ ನಿಂತ ಕಾರಿಗೆ ಹಿಂದಿನಿಂದ ಲಾರಿ ಬಂದು ಬಡಿಯುವುದನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಆದಕಾರಣ ಎಂಜಿನ್ನು ನಿಲ್ಲಿಸಿ, ಕೈಬ್ರೇಕು ಎಳೆಯಿರಿ, ಇಂಡಿಕೇಟರ್ ದೀಪಗಳು ನಾಲ್ಕೂ ಒಟ್ಟಿಗೆ ಮಿನುಗುವಂತೆ ಮಾಡಿ. ಕಾರಿನಲ್ಲಿ ಇರುವ ಕೆಂಪು ತ್ರಿಕೋನದ ಹಲಗೆಯನ್ನು ಹಿಂದೆ ಸಾಕಷ್ಟು ದೂರದಲ್ಲಿ ನಿಲ್ಲಿಸಿ. ವೇಗವಾಗಿ ಬರುವ ವಾಹನಕ್ಕೆ ಅದನ್ನು ಕಂಡು ನಿಧಾನಿಸುವಷ್ಟು ಅವಕಾಶವಿರಬೇಕು. ಅದಿಲ್ಲದಿದ್ದರೆ ಒಬ್ಬರು ರಸ್ತೆಯ ಅಂಚಿನಲ್ಲಿ ನಿಂತು ಬ್ಯಾಟರಿಯನ್ನೋ ಫೋನಿನ ದೀಪವನ್ನೋ ಬೀಸಲಿ. ಮಕ್ಕಳನ್ನೂ ಮುದುಕರನ್ನೂ ಕಾರಿನಿಂದ ಇಳಿಸಿ ರಸ್ತೆಯಿಂದ ಆಚೆಗೆ ಕಳುಹಿಸಿ. ಪೆಟ್ರೋಲು ಸೋರುತ್ತಿರಬಹುದು, ಯಾರೂ ಬೀಡಿ ಸಿಗರೇಟು ಹಚ್ಚಕೂಡದು.

ಮೂರನೆಯದು ಕರೆ. 112 ಎಂಬುದು ಪೋಲೀಸು, ಅಗ್ನಿಶಾಮಕ, ಆಂಬುಲೆನ್ಸು ಎಲ್ಲಕ್ಕೂ ಒಂದೇ ಸಂಖ್ಯೆ. 108 ಎಂಬುದು ಆಂಬುಲೆನ್ಸಿನ ಸಂಖ್ಯೆ. ನಮ್ಮ ರಾಜ್ಯದಲ್ಲಿ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಈ ಸೇವೆ 2008ರ ನವೆಂಬರ್ 1ರಂದು ಆರಂಭವಾಯಿತು. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033 ಎಂಬ ಸಂಖ್ಯೆಯೂ ಉಂಟು. ಸಂಖ್ಯೆ ತಿಳಿದಿದ್ದರೆ ಸಾಲದು. ಏನು ಹೇಳಬೇಕೆಂಬುದೂ ತಿಳಿದಿರಬೇಕು. ‘ಬೇಗ ಬನ್ನಿ, ಬೇಗ ಬನ್ನಿ’ ಎಂದು ಕೂಗಿ ಫೋನು ಕೆಳಗಿಟ್ಟರೆ ಅವರು ಎಲ್ಲಿಗೆ ಬರಬೇಕು? ಯಾವ ರಸ್ತೆ, ಯಾವ ಊರಿಂದ ಯಾವ ಊರಿಗೆ ಹೋಗುವ ದಿಕ್ಕು, ಹತ್ತಿರದ ಕಿಲೋಮೀಟರು ಕಲ್ಲಿನ ಮೇಲೆ ಬರೆದಿರುವುದೇನು, ಪಕ್ಕದಲ್ಲಿ ಗುಡಿಯೋ ಪೆಟ್ರೋಲು ಬಂಕೋ ಇದೆಯೇ, ಪೆಟ್ಟು ತಿಂದವರು ಎಷ್ಟು ಮಂದಿ, ಅವರಿಗೆ ಪ್ರಜ್ಞೆ ಇದೆಯೇ, ಯಾರಾದರೂ ವಾಹನದೊಳಗೆ ಸಿಕ್ಕಿಕೊಂಡಿದ್ದಾರೆಯೇ—ಇಷ್ಟನ್ನು ತಡೆದು ತಡೆದು ಹೇಳಿ. ಅವರಾಗಿಯೇ ಸಾಕು ಎನ್ನುವವರೆಗೆ ಫೋನು ಇಡಬೇಡಿ.

ಈಗ ಬಿದ್ದಿರುವವರ ಬಳಿಗೆ ಬರೋಣ. ನಮ್ಮ ಜನರ ಕರುಣೆ ದೊಡ್ಡದು. ಆದರೆ ತಿಳಿವಳಿಕೆಯಿಲ್ಲದ ಕರುಣೆ ಕೆಲವು ಸಲ ಕೊಲ್ಲುತ್ತದೆ. ಬಿದ್ದವನನ್ನು ಕಂಡೊಡನೆ ರಟ್ಟೆ ಹಿಡಿದು ಎಬ್ಬಿಸಿ ಕೂರಿಸುವುದು, ಬಾಯಿಗೆ ನೀರನ್ನೋ ಸೋಡವನ್ನೋ ಹೊಯ್ಯುವುದು, ನಾಲ್ಕು ಜನ ಕೈಕಾಲು ಹಿಡಿದು ಮೂಟೆಯ ಹಾಗೆ ಆಟೋದೊಳಕ್ಕೆ ತುರುಕುವುದು—ಈ ಮೂರೂ ಕೂಡದು. ಕತ್ತಿನ ಅಥವಾ ಬೆನ್ನಿನ ಮೂಳೆಗೆ ಪೆಟ್ಟಾಗಿದ್ದರೆ ಎಳೆದಾಟದಿಂದ ಒಳಗಿನ ನರದ ಹುರಿ ಕೆಟ್ಟು, ಬದುಕಿದರೂ ಕೈಕಾಲು ಸ್ವಾಧೀನ ತಪ್ಪಬಹುದು. ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ಹೊಯ್ದ ನೀರು ಶ್ವಾಸನಾಳಕ್ಕೆ ಇಳಿದೀತು. ಶಸ್ತ್ರಕ್ರಿಯೆ ಬೇಕಾದರೆ ತುಂಬಿದ ಹೊಟ್ಟೆ ತೊಡಕಾದೀತು. ಬೆಂಕಿ ಹತ್ತುವ ಅಥವಾ ಮತ್ತೊಂದು ವಾಹನ ಹರಿಯುವ ಅಪಾಯವಿಲ್ಲದಿದ್ದರೆ, ಆಂಬುಲೆನ್ಸು ಬರುವವರೆಗೆ ಬಿದ್ದಲ್ಲಿಯೇ ಬಿಟ್ಟು ಕಾಯುವುದು ಲೇಸು.

ಸುಮ್ಮನೆ ಕಾಯುವುದೆಂದಲ್ಲ. ರಕ್ತ ಹರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಮಡಿಸಿ ಗಾಯದ ಮೇಲಿಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಿರಿ. ಬಟ್ಟೆ ನೆನೆದರೆ ಅದನ್ನು ಕೀಳದೆ ಅದರ ಮೇಲೆ ಇನ್ನೊಂದನ್ನು ಇಟ್ಟು ಒತ್ತಿ. ಗಾಜೋ ಕಬ್ಬಿಣವೋ ಮೈಯೊಳಗೆ ನಾಟಿಕೊಂಡಿದ್ದರೆ ಎಳೆದು ತೆಗೆಯಬೇಡಿ. ಅದೇ ರಕ್ತಕ್ಕೆ ಬಿರಡೆಯಾಗಿರಬಹುದು. ಹೆಲ್ಮೆಟ್ ಧರಿಸಿದ್ದವನು ಉಸಿರಾಡುತ್ತಿದ್ದರೆ ಅದನ್ನು ಕಳಚುವ ಗೋಜಿಗೆ ಹೋಗದೆ ಮುಂದಿನ ಗಾಜನ್ನು ಮಾತ್ರ ಮೇಲೆತ್ತಿ. ಪ್ರಜ್ಞೆ ತಪ್ಪಿದವನಿಗೆ ವಾಂತಿ ಬಂದರೆ ತಲೆ, ಕತ್ತು, ಮೈ ಒಂದೇ ನೇರದಲ್ಲಿರುವಂತೆ ಇಬ್ಬರು ಮೂವರು ಸೇರಿ ಒಂದೇ ಸಲಕ್ಕೆ ಪಕ್ಕಕ್ಕೆ ಹೊರಳಿಸಿ. ಉಸಿರು ನಿಂತೇಹೋಗಿದ್ದರೆ, ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಅದುಮುವ ಕ್ರಮವೊಂದಿದೆ. ಅದನ್ನು ಮುಂಚಿತವಾಗಿ ಕಲಿತಿದ್ದವರು ಕೂಡಲೇ ಆರಂಭಿಸಬೇಕು, ಕಲಿಯದವರು 108ರವರು ಫೋನಿನಲ್ಲಿ ಹೇಳಿದಂತೆ ಮಾಡಬೇಕು. ಎಲ್ಲಕ್ಕಿಂತ ಸುಲಭವಾದ ಇನ್ನೊಂದು ಕೆಲಸವಿದೆ. ಪಕ್ಕದಲ್ಲಿ ಕುಳಿತು, ‘ಹೆದರಬೇಡಪ್ಪ, ಆಂಬುಲೆನ್ಸು ಬರುತ್ತಿದೆ, ನಾನಿದ್ದೇನೆ’ ಎಂದು ಮಾತನಾಡಿಸುತ್ತಿರಿ. ಹೆಸರನ್ನೂ ಮನೆಯವರ ಫೋನು ಸಂಖ್ಯೆಯನ್ನೂ ಕೇಳಿ ಬರೆದುಕೊಳ್ಳಿ. ಆಮೇಲೆ ಕೇಳೋಣವೆಂದರೆ ಹೇಳುವ ಶಕ್ತಿ ಅವರಲ್ಲಿ ಉಳಿದಿರುವುದೋ ಇಲ್ಲವೋ.

ಪೆಟ್ಟು ಬಿದ್ದಂದಿನಿಂದ ಒಂದು ಗಂಟೆಯ ಅವಧಿಗೆ ವೈದ್ಯರು ಬಹಳ ಬೆಲೆ ಕಟ್ಟುತ್ತಾರೆ. ಆ ಗಂಟೆಯೊಳಗೆ ತಕ್ಕ ಚಿಕಿತ್ಸೆ ದೊರೆತರೆ ಉಳಿಯುವ ಸಂಭವ ಹೆಚ್ಚು. ನಮ್ಮ ಮೋಟಾರು ವಾಹನ ಶಾಸನಕ್ಕೆ 2019ರಲ್ಲಿ ತಿದ್ದುಪಡಿಯಾದಾಗ ಈ ‘ಸುವರ್ಣ ಗಂಟೆ’ ಎಂಬ ಮಾತು ಶಾಸನದ ವ್ಯಾಖ್ಯೆಯೊಳಗೇ ಸೇರಿತು. ಆದುದರಿಂದ ಆಂಬುಲೆನ್ಸು ಬಹಳ ತಡವಾಗುವುದೆಂದು ಗೊತ್ತಾದರೆ ಕಾಯುತ್ತಲೇ ಕೂರಬಾರದು. ಹಲಗೆಯನ್ನೋ ಬಾಗಿಲನ್ನೋ ತಂದು, ಮೈ ಬಾಗದಂತೆ ಅದರ ಮೇಲೆ ಮಲಗಿಸಿ, ಅಗಲವಾದ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು.

ಇಷ್ಟನ್ನೂ ನಾನು ಒಮ್ಮೆ ಹತ್ತನೆಯ ತರಗತಿಯಲ್ಲಿ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು ಕೇಳಿದ: “ಸಾರ್, ರಸ್ತೇಲಿ ಯಾರಾದ್ರೂ ಬಿದ್ದಿದ್ರೆ ನಿಲ್ಲಬೇಡ ಅಂತ ನಮ್ಮಪ್ಪ ಹೇಳಿದಾರೆ. ನಿಂತ್ರೆ ಪೋಲೀಸ್ನೋರು ಸಾಕ್ಷಿಗೆ ಎಳೀತಾರಂತೆ. ಆಸ್ಪತ್ರೇಲಿ ದುಡ್ಡು ಕಟ್ಟು ಅಂತಾರಂತೆ. ನಿಜವಾ ಸಾರ್?” ಹುಡುಗನ ತಂದೆ ಕಟುಕರಲ್ಲ. ನಮ್ಮಲ್ಲಿ ಮನೆಮನೆಯ ಹಿರಿಯರೂ ಹೇಳಿಕೊಡುತ್ತ ಬಂದ ಬುದ್ಧಿಯೇ ಇದು. ಒಂದು ಕಾಲಕ್ಕೆ ಅದಕ್ಕೆ ಆಧಾರವೂ ಇತ್ತು. ಈಗ ಆ ಆಧಾರ ಉಳಿದಿಲ್ಲವೆಂಬುದನ್ನು ಜನರಿಗೆ ತಿಳಿಸುವವರು ಕಡಮೆ. ಅವನಿಗೆ ಹೇಳಿದ ಉತ್ತರವನ್ನೇ ನಿಮಗೂ ಹೇಳುತ್ತೇನೆ.

ಹಿಂದೆ ಉತ್ತರ ದೇಶದಲ್ಲಿ ಸ್ಕೂಟರು ಸವಾರನೊಬ್ಬನಿಗೆ ಕಾರು ಬಡಿಯಿತು. ದಾರಿಹೋಕನೊಬ್ಬ ಅವನನ್ನು ಎತ್ತಿ ಹತ್ತಿರದ ಆಸ್ಪತ್ರೆಗೆ ಒಯ್ದ. ಇದು ಪೋಲೀಸು ಪ್ರಕರಣ, ನಮ್ಮಲ್ಲಿ ನೋಡುವುದಿಲ್ಲ, ಸುಮಾರು 20 ಕಿಲೋಮೀಟರು ಆಚೆಯ ಇನ್ನೊಂದು ಆಸ್ಪತ್ರೆಗೆ ಹೋಗಿ ಎಂದು ಅಲ್ಲಿಯವರು ಹೇಳಿದರು. ಆ ಆಸ್ಪತ್ರೆ ಮುಟ್ಟುವ ಮುಂಚೆಯೇ ಸವಾರ ತೀರಿಕೊಂಡ. ಈ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಪರಮಾನಂದ ಕಟಾರಾ ಎಂಬವರು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. 1989ರ ಆಗಸ್ಟಿನಲ್ಲಿ ತೀರ್ಪು ಬಂತು: ಪ್ರಾಣವನ್ನು ಉಳಿಸುವುದು ವೈದ್ಯನ ಮೊದಲ ಕರ್ತವ್ಯ, ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿ ಆಸ್ಪತ್ರೆಯಾಗಲಿ, ಪೋಲೀಸು ವಿಧಿಗಳು ಮುಗಿಯಲಿ ಎಂದು ಕಾಯದೆ ಚಿಕಿತ್ಸೆ ಮಾಡಬೇಕು.

ನಮ್ಮ ರಾಜ್ಯದ ಒಂದು ಸಂಗತಿಯನ್ನೂ ಮರೆಯಬಾರದು. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಬೈಕಿನಲ್ಲಿ ಬರುತ್ತಿದ್ದ ಹರೀಶ್ ಎಂಬ ತರುಣ ಲಾರಿಗೆ ಸಿಕ್ಕಿ ದೇಹ ಎರಡಾಗಿ ಬಿದ್ದಿದ್ದಾಗಲೂ, ತನ್ನ ಅಂಗಗಳನ್ನು ದಾನ ಮಾಡಿರೆಂದು ಕೇಳಿಕೊಂಡ. ಆತ ಉಳಿಯಲಿಲ್ಲ, ಆತನ ಕಣ್ಣುಗಳು ದಾನವಾದುವು. ಮರುತಿಂಗಳೇ ರಾಜ್ಯ ಸರ್ಕಾರ ಅಪಘಾತಕ್ಕೆ ಸಿಕ್ಕಿದವರಿಗೆ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಗಳವರೆಗಿನ ವೆಚ್ಚವನ್ನು ತಾನೇ ಭರಿಸುವ ಯೋಜನೆಯೊಂದನ್ನು ಆತನ ಹೆಸರಿನಲ್ಲಿ ಆರಂಭಿಸಿತು. ಆ ಮಾರ್ಚ್ ತಿಂಗಳ 30ರಂದೇ ಸುಪ್ರೀಂ ಕೋರ್ಟು, ಗಾಯಾಳುಗಳಿಗೆ ನೆರವಾಗುವವರ ರಕ್ಷಣೆಗಾಗಿ ಕೇಂದ್ರ ಸರ್ಕಾರ ರೂಪಿಸಿದ್ದ ಮಾರ್ಗಸೂಚಿಗಳಿಗೆ ದೇಶಕ್ಕೆಲ್ಲ ಅನ್ವಯಿಸುವಂತೆ ಬಲ ಕೊಟ್ಟಿತು. ನೆರವಾದವರನ್ನು ರಕ್ಷಿಸುವ ಕರ್ನಾಟಕದ್ದೇ ಆದ ಒಂದು ಶಾಸನಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ದೊರೆಯಿತು. 2019ರ ತಿದ್ದುಪಡಿ ಮೋಟಾರು ವಾಹನ ಶಾಸನದಲ್ಲೇ 134ಎ ಎಂಬ ಹೊಸ ಕಲಮನ್ನು ಸೇರಿಸಿತು.

ಇವುಗಳ ಸಾರವೇನೆಂದರೆ: ನೀವು ಪ್ರತಿಫಲದ ಆಸೆಯಿಲ್ಲದೆ ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದರೆ, ಆತ ಉಳಿಯದೆ ಹೋದರೂ ನಿಮ್ಮ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಆಸ್ಪತ್ರೆಗೆ ಸೇರಿಸಿದ ಮೇಲೆ ನೀವು ಹೊರಟುಹೋಗಬಹುದು. ನಿಮ್ಮ ಹೆಸರು ವಿಳಾಸ ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಚಿಕಿತ್ಸೆಯ ಹಣವನ್ನು ನಿಮ್ಮಿಂದ ಕೇಳುವಂತಿಲ್ಲ. ಸಾಕ್ಷಿಯಾಗುವುದು ನಿಮ್ಮ ಇಷ್ಟ. ಒಪ್ಪಿಕೊಂಡರೆ ನಿಮಗೆ ಅನುಕೂಲವಾದ ಸಮಯದಲ್ಲಿ, ನಿಮ್ಮ ಮನೆಯಲ್ಲೋ ಕೆಲಸದ ಸ್ಥಳದಲ್ಲೋ ಪೋಲೀಸಿನವರೇ ಬಂದು ಹೇಳಿಕೆ ಪಡೆಯಬೇಕು. ಈ ಹಕ್ಕುಗಳ ಫಲಕವನ್ನು ಆಸ್ಪತ್ರೆಯ ಬಾಗಿಲಲ್ಲೇ ಹಾಕಬೇಕೆಂಬ ನಿಯಮವೂ ಇದೆ. ಸಾಕ್ಷಿ ಹೇಳುವುದಕ್ಕೆ ನಿಮ್ಮ ಮನಸ್ಸು ಒಪ್ಪಿದರೆ ದಯವಿಟ್ಟು ಹೇಳಿ. ಎಷ್ಟೋ ಬಡ ಸಂಸಾರಗಳಿಗೆ ಪರಿಹಾರ ತಪ್ಪಿಹೋಗುವುದು ಕಂಡವರು ಬಾಯಿ ಬಿಡದೆ ಹೋದದ್ದರಿಂದ. ಆದರೆ ಸಾಕ್ಷಿಯ ಭಯದಿಂದ ಜೀವವನ್ನೇ ಬಿಟ್ಟುಹೋಗುವುದಕ್ಕೆ ಈಗ ಯಾವ ಕಾರಣವೂ ಉಳಿದಿಲ್ಲ. ಇದನ್ನು ಕೇಳಿದ ಮೇಲೆ ಆ ಹುಡುಗ, “ಹಾಗಾದ್ರೆ ಅಪ್ಪನಿಗೆ ಹೇಳ್ತೀನಿ ಸಾರ್” ಎಂದು ಕುಳಿತ.

ಜೀವದ ಕೆಲಸ ಮುಗಿದ ಮೇಲೆ ದಾಖಲೆಯ ಕೆಲಸ. ವಾಹನಗಳನ್ನು ಸರಿಸುವ ಮುಂಚೆ, ಅವು ನಿಂತ ರೀತಿ, ರಸ್ತೆಯ ಮೇಲಿನ ಚಕ್ರದ ಗುರುತು, ನಂಬರು ಫಲಕಗಳು, ಇವುಗಳ ಚಿತ್ರವನ್ನು ಫೋನಿನಲ್ಲಿ ತೆಗೆದುಕೊಳ್ಳಿ. ಬಿದ್ದವರ ಮುಖವನ್ನು ತೆಗೆದು ಊರಿಗೆಲ್ಲ ಹಂಚುವುದಕ್ಕಲ್ಲ ಫೋನು ಇರುವುದು. ಆ ಮನೆಯವರು ಸುದ್ದಿಯನ್ನು ಹಾಗೆ ತಿಳಿಯಬೇಕೆ? ದಿನ, ಹೊತ್ತು, ಸ್ಥಳ, ಎದುರು ವಾಹನದ ಚಾಲಕನ ಮತ್ತು ಮಾಲೀಕನ ಹೆಸರು ವಿಳಾಸ, ವಿಮೆಯ ಕಂಪೆನಿ, ಕಂಡವರಿಬ್ಬರ ಫೋನು ಸಂಖ್ಯೆ—ಇಷ್ಟನ್ನೂ ಅಂದೇ ಒಂದು ಕಾಗದದಲ್ಲಿ ಬರೆದಿಡಿ. ನೆನಪು ನಾಳೆಗೆ ಬಣ್ಣ ಬದಲಾಯಿಸುತ್ತದೆ.

ಠಾಣೆಯಲ್ಲಿ ಕಂಡದ್ದನ್ನು ಕಂಡಂತೆ, ಚಿಕ್ಕದಾಗಿ ಹೇಳಿ. ಊಹೆಯನ್ನು ಸೇರಿಸಬೇಡಿ; ಓದದೆ ಸಹಿ ಹಾಕಬೇಡಿ; ಬರಿಯ ಹಾಳೆಗೆ ಎಂದೂ ಸಹಿ ಹಾಕಬೇಡಿ. ದೂರು ಕೊಟ್ಟವರಿಗೆ ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಹಣವಿಲ್ಲದೆ ಕೊಡಬೇಕು, ಕೇಳಿ ಪಡೆಯಿರಿ. ಬಾಗಿಲು ತರಚಿದ್ದಕ್ಕೆ ಇಬ್ಬರೂ ಒಪ್ಪಿ ಮಾತಿನಲ್ಲೇ ಮುಗಿಸಿಕೊಂಡರೆ ಬಾಧಕವಿಲ್ಲ. ಆದರೆ ಮನುಷ್ಯನಿಗೆ ಪೆಟ್ಟಾಗಿದ್ದಾಗ ರಸ್ತೆಯ ಬದಿಯ ರಾಜಿ ಇಬ್ಬರಿಗೂ ಹಿತವಲ್ಲ. ಐದು ಸಾವಿರ ಕೈಯಲ್ಲಿಟ್ಟು ಕಳುಹಿಸಿದ ಮೇಲೆ, ಮೂರನೆಯ ದಿನ ಆತನ ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆಯೆಂದು ತಿಳಿದರೆ ಆ ರಾಜಿಯಿಂದ ಯಾರಿಗೆ ಏನು ಸುಖ?

ಒಂದು ಪ್ರಲೋಭನೆಯನ್ನು ಇಲ್ಲಿ ಹೆಸರಿಸಿಯೇ ಹೇಳಬೇಕು. ಕಾರನ್ನು ನಡೆಸುತ್ತಿದ್ದವನು ಹದಿನಾರು ವರ್ಷದ ಮಗ, ಲೈಸೆನ್ಸಿಲ್ಲ. ಠಾಣೆಯಲ್ಲಿ ತಂದೆ ‘ನಾನೇ ನಡೆಸುತ್ತಿದ್ದೆ’ ಎನ್ನುತ್ತಾನೆ. ವಾತ್ಸಲ್ಯವೇ ಹಾಗೆ ಹೇಳಿಸುವುದು, ಒಪ್ಪಿದೆ. ಆದರೆ ಸುಳ್ಳು ಹೊರಬಿದ್ದರೆ, ಮಗನ ತಪ್ಪಿನ ಮೇಲೆ ತಂದೆಯ ತಪ್ಪೂ ಸೇರಿ ಎರಡಾಗುತ್ತದೆ. ಅದಕ್ಕಿಂತ ಮಿಗಿಲಾಗಿ, ತನ್ನ ಕೈಯಿಂದಾದ ಕೆಲಸಕ್ಕೆ ಇನ್ನೊಬ್ಬರು ಹೆಸರು ಕೊಡಬಹುದೆಂಬ ಪಾಠವನ್ನು ಆ ಹುಡುಗ ಆ ದಿನ ಕಲಿಯುತ್ತಾನೆ. ಅದನ್ನು ಆಮೇಲೆ ಮರೆಸಲು ಯಾವ ಶಾಲೆಯಿಂದಲೂ ಆಗದು. ಅಪ್ರಾಪ್ತ ವಯಸ್ಕನು ವಾಹನ ನಡೆಸಿ ಅಪರಾಧವಾದರೆ ಪೋಷಕನೋ ವಾಹನದ ಮಾಲೀಕನೋ ಹೊಣೆಯೆಂದು 2019ರ ತಿದ್ದುಪಡಿ ಹೇಳುತ್ತದೆ. ಶಿಕ್ಷೆ ಮೂರು ವರ್ಷದವರೆಗಿನ ಸೆರೆ ಮತ್ತು 25,000 ರೂಪಾಯಿ ದಂಡ. ಕೀಲಿಕೈಯನ್ನು ಎಟುಕದಂತೆ ಇಡುವುದು ಇದಕ್ಕಿಂತ ಸುಲಭವಲ್ಲವೆ?

ಕೊನೆಗೆ ಹಣದ ಮಾತು. ನೋವಿನ ನಡುವೆ ಹಣದ ಮಾತೇ ಎಂದು ಸಂಕೋಚಪಡುವುದು ಸರಿಯಲ್ಲ. ದುಡಿಯುವವನೇ ಮಲಗಿದರೆ ಒಲೆ ಉರಿಯುವುದು ಹೇಗೆ? ಪ್ರತಿಯೊಂದು ವಾಹನಕ್ಕೂ ಇತರರಿಗಾಗುವ ಹಾನಿಯ ವಿಮೆ ಕಡ್ಡಾಯವಾಗಿರುವುದು ಈ ಕಾರಣಕ್ಕೇ. 2025ರ ಮೇ ತಿಂಗಳಿನಿಂದ ಕೇಂದ್ರ ಸರ್ಕಾರದ ಒಂದು ಯೋಜನೆ ಜಾರಿಗೆ ಬಂದಿದೆ. ಅದರಂತೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನಗಳವರೆಗೆ ಒಬ್ಬೊಬ್ಬ ಗಾಯಾಳುವಿಗೂ 1,50,000 ರೂಪಾಯಿಗಳವರೆಗೆ ನಗದು ಕಟ್ಟದೆಯೇ ಚಿಕಿತ್ಸೆಯುಂಟು. ಪೋಲೀಸಿಗೆ ಕೂಡಲೇ ತಿಳಿಸುವುದು ಇದಕ್ಕಾಗಿಯೂ ಅವಶ್ಯ. ತಪ್ಪು ಯಾರದೆಂದು ಸಾಧಿಸದೆಯೇ ಕೇಳಬಹುದಾದ ಪರಿಹಾರ, 164ನೆಯ ಕಲಮಿನ ಪ್ರಕಾರ, ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ. ಬಡಿದು ಓಡಿಹೋದ ವಾಹನ ಪತ್ತೆಯೇ ಆಗದಿದ್ದರೂ ನಿರಾಶರಾಗಬೇಡಿ; 2022ರ ಏಪ್ರಿಲ್ 1ರಿಂದ ಅಂಥ ಪ್ರಕರಣದಲ್ಲಿ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ದೊರೆಯುತ್ತದೆ.

ಇದಕ್ಕೂ ಹೆಚ್ಚಿನ ಹಾನಿಯಾಗಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಅಪಘಾತವಾದ ದೂರದ ಜಿಲ್ಲೆಗೇ ಅಲೆಯಬೇಕಾಗಿಲ್ಲ. ನೀವು ವಾಸಿಸುವ ಊರಿಗೆ ಸೇರಿದ ನ್ಯಾಯಮಂಡಳಿಯಲ್ಲೂ ಹಾಕಬಹುದು. ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂದು ತಿದ್ದುಪಡಿಯ ವಿಧಿ; ಆದ್ದರಿಂದ ನೋವು ಆರಲಿ, ವರ್ಷ ಕಳೆಯಲಿ ಎಂದು ಕೂರಬೇಡಿ. ಗಾಯದ ಪ್ರಮಾಣಪತ್ರ, ಔಷಧಿಯ ರಶೀತಿಗಳು, ಆಸ್ಪತ್ರೆಯಿಂದ ಬಿಡುವಾಗ ಕೊಡುವ ಕಾಗದ, ಸಂಪಾದನೆಯ ದಾಖಲೆ, ಇವನ್ನೆಲ್ಲ ಒಂದು ಚೀಲದಲ್ಲಿ ಹಾಕಿಡಿ. ವಿಮೆಯ ಕಂಪೆನಿಗೆ ಕೂಡಲೇ ಬರೆದು ತಿಳಿಸಿ. ಅವರ ಸರ್ವೇಯರು ನೋಡುವ ಮುಂಚೆ ಕಾರನ್ನು ರಿಪೇರಿಗೆ ಬಿಚ್ಚಿಸಬೇಡಿ. ಆಸ್ಪತ್ರೆಯ ಹಾಸಿಗೆಯ ಬಳಿಗೇ ಬಂದು ‘ಲಕ್ಷಗಟ್ಟಲೆ ಕೊಡಿಸುತ್ತೇನೆ’ ಎನ್ನುವ ದಳ್ಳಾಳಿಗಳಿಂದ ದೂರವಿರಿ. ತಾಲ್ಲೂಕು ಕೇಂದ್ರದ ನ್ಯಾಯಾಲಯದಲ್ಲೇ ಕಾನೂನು ಸೇವಾ ಸಮಿತಿಯಿದೆ. 1987ರ ಶಾಸನದಂತೆ ಹೆಂಗಸರಿಗೂ, ಮಕ್ಕಳಿಗೂ, ಪರಿಶಿಷ್ಟ ಜಾತಿ ವರ್ಗಗಳವರಿಗೂ, ವರಮಾನ ಕಡಮೆಯಿರುವವರಿಗೂ ಅಲ್ಲಿ ವಕೀಲರ ನೆರವು ಉಚಿತ.

‘ನನಗೇನೂ ಆಗಿಲ್ಲ’ ಎಂದು ಎದ್ದು ಮೈ ಕೊಡವಿಕೊಂಡವರೂ ಅಂದೇ ವೈದ್ಯರಿಗೆ ತೋರಿಸಿಕೊಳ್ಳಬೇಕು. ಗಾಬರಿಯ ಬಿಸಿಯಲ್ಲಿ ನೋವು ತಿಳಿಯುವುದಿಲ್ಲ. ಮರುದಿನವೋ ಅದರ ಮರುದಿನವೋ ತಲೆನೋವು ಏರುತ್ತಿದ್ದರೆ, ವಾಂತಿಯಾದರೆ, ಹೊಟ್ಟೆ ಬಿಗಿದುಕೊಂಡರೆ, ಮಾತು ತೊದಲಿದರೆ, ಎಬ್ಬಿಸಿದರೂ ಏಳದಂಥ ಮಂಪರು ಕವಿದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಮನಸ್ಸಿಗೆ ಬಿದ್ದ ಪೆಟ್ಟೂ ಪೆಟ್ಟೇ. ವಾರಗಟ್ಟಲೆ ನಿದ್ರೆ ಬಾರದವರನ್ನು, ರಸ್ತೆ ದಾಟಲು ನಡುಗುವ ಮಕ್ಕಳನ್ನು, ‘ಎಲ್ಲಾ ಗ್ರಹಚಾರ, ಮರೆತುಬಿಡು’ ಎಂದು ಬಾಯಿ ಮುಚ್ಚಿಸಬೇಡಿ. ಹತ್ತಿರ ಕುಳಿತು ಕೇಳಿ. ಹಾಗೂ ಹೋಗದಿದ್ದರೆ ಅದಕ್ಕೂ ವೈದ್ಯರಿದ್ದಾರೆ.

ಹೇಳಿದ್ದು ಬಹಳವಾಯಿತು. ಎಲ್ಲವೂ ನೆನಪಿನಲ್ಲಿ ಉಳಿಯಲೆಂದು ನಾನು ಅಪೇಕ್ಷಿಸುವುದಿಲ್ಲ. ಪರಿಹಾರದ ಕಲಮುಗಳನ್ನು ಬೇಕಾದಾಗ ಬಲ್ಲವರನ್ನು ಕೇಳಿಕೊಳ್ಳಬಹುದು. ಈ ರಾತ್ರಿ ಮಲಗುವ ಮುಂಚೆ ಎರಡು ಕೆಲಸಗಳನ್ನು ಮಾತ್ರ ಮಾಡಿ. 112, 108 ಎಂಬ ಎರಡು ಸಂಖ್ಯೆಗಳನ್ನು, ನಿಮ್ಮ ಮನೆಯವರೊಬ್ಬರ ಫೋನು ಸಂಖ್ಯೆಯೊಡನೆ, ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲೂ ವಾಹನದಲ್ಲೂ ಇಡಿ. ಇನ್ನೊಂದು, ಊಟಕ್ಕೆ ಕುಳಿತಾಗ ಮಕ್ಕಳಿಗೆ ಹೇಳಿ: ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದರೆ ನಿಲ್ಲು, 108ಕ್ಕೆ ಫೋನು ಮಾಡು, ಆಂಬುಲೆನ್ಸು ಬರುವವರೆಗೆ ಅವರ ಹತ್ತಿರ ಇರು, ನಿನ್ನನ್ನು ಯಾರೂ ಏನೂ ಮಾಡುವುದಿಲ್ಲ. ಎಂದಾದರೊಂದು ದಿನ ಬಿದ್ದಿರುವವರು ನಾವೇ ಆಗಿದ್ದೇವು. ಆಗ ನಿಲ್ಲುವವರು ಇನ್ನೊಬ್ಬರ ಮನೆಯ ಮಕ್ಕಳು.